ತವರಿನ ಬಾಗಿನ: ಮೊರ ಆರಿಸುವುದರಿಂದ ತಂಗಿಯ ಕೈ ಸೇರುವವರೆಗೆ

ಭಾದ್ರಪದ ಶುದ್ಧ ತದಿಗೆ ಗೌರಿ ಹಬ್ಬ, ಮರುದಿನ ಚೌತಿ. ಗಣಪತಿಯ ಗದ್ದಲದಲ್ಲಿ ಅಕ್ಕ-ತಂಗಿಯರಿಗೆ ಹೋಗಬೇಕಾದ ಬಾಗಿನದ ನೆನಪು ಬಹಳ ಮನೆಗಳಲ್ಲಿ ಹಿಂದಿನ ಸಂಜೆ ಬರುತ್ತದೆ. ಆಗ ಅಂಗಡಿಯಲ್ಲಿ ಉಳಿದಿರುವುದು ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟ ರೆಡಿ ಸೆಟ್. ಅದರ ಬಳೆ ಯಾರ ಕೈಗೂ ಏರುವುದಿಲ್ಲ, ಬಾಚಣಿಗೆ ಬೊಂಬೆಯಾಟಕ್ಕೆ ಸರಿ, ಕಣ ರವಿಕೆಗೆ ಸಾಲುವುದಿಲ್ಲ. ಹೀಗೆ ಕೊಟ್ಟದ್ದು ಅವಳ ಮನೆಯ ಅಟ್ಟ ಸೇರಿ, ಮುಂದಿನ ವರ್ಷ ಇನ್ನೊಬ್ಬರ ಬಾಗಿನಕ್ಕೆ ದಾಟುತ್ತದೆ. ತವರಿನಿಂದ ಬಂದದ್ದನ್ನು ಅವಳು ತೊಡಬೇಕು, ಅವಳ ಅಡುಗೆಮನೆಯಲ್ಲಿ ಅದು ಬೇಯಬೇಕು. ಹಾಗಾಗಿ ನೂಲು ಹುಣ್ಣಿಮೆಗೇ ಕೆಲಸ ಶುರುವಾಗಲಿ. ಗೌರಿಗೆ ಆಗ ಹೆಚ್ಚುಕಡಿಮೆ ಹದಿನೆಂಟು ದಿನ ಇರುತ್ತದೆ. ರಾಖಿ ಕಟ್ಟಲು ತಂಗಿ ಬಂದಾಗಲೇ ಬಳೆಯ ಅಳತೆ ಕೇಳಿ ಬರೆದಿಟ್ಟುಕೊಳ್ಳಿ.

ಮೊದಲು ಮೊರ. ಬಾಗಿನಕ್ಕೆ ಒಂದು ಜೊತೆ ಬೇಕು, ಒಂದರಲ್ಲಿ ಸಾಮಾನು, ಇನ್ನೊಂದು ಮುಚ್ಚಲು. ಎರಡನ್ನೂ ಅಂಗಡಿಯಲ್ಲೇ ಮಗುಚಿ ಕೂರಿಸಿ ನೋಡಿ. ಅಂಚು ಅಂಚಿಗೆ ಕೂರದಿದ್ದರೆ ದಾರ ಕಟ್ಟಿದರೂ ಬೇಳೆ ಸೋರುತ್ತದೆ. ಅಂಗೈಯಿಂದ ತಟ್ಟಿದಾಗ ಬಿಳಿ ಹಿಟ್ಟು ಉದುರಿದರೆ ಬಿದಿರಿಗೆ ಹುಳ ಬಿದ್ದಿದೆ, ಅದು ಬೇಡ. ತಂದ ಮೊರವನ್ನು ನೀರಿನಲ್ಲಿ ನೆನೆಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಸಿಬಿರು ಎದ್ದಲ್ಲಿ ಉಜ್ಜಿ, ಒಂದು ದಿನ ಬಿಸಿಲು ಕಾಣಿಸಿ. ಒಂದು ಜೊತೆ ಮೊರಕ್ಕೆ ಎರಡು ಚಮಚ ಅರಿಶಿನ ಸಾಕು, ನೀರಾಗಿ ಕಲಸಿ ತೆಳ್ಳಗೆ ಸವರಿ. ಗಟ್ಟಿಯಾಗಿ ಬಳಿದರೆ ಒಣಗಿದ ಮೇಲೆ ಪದರ ಎದ್ದು ಅಕ್ಕಿಗೆಲ್ಲ ಉದುರುತ್ತದೆ. ಕುಂಕುಮದ ಬೊಟ್ಟಿಟ್ಟು ಗಾಳಿಯಾಡುವ ಕಡೆ ಒಂದು ರಾತ್ರಿ, ಮಳೆ ಹಿಡಿದಿದ್ದರೆ ಎರಡು ರಾತ್ರಿ ಆರಲು ಬಿಡಿ. ಹಸಿ ಇರುವಾಗಲೇ ತುಂಬಿ ಮುಚ್ಚಿದರೆ ಬೂಷ್ಟು ಬರುವುದು ಖಂಡಿತ.

ಇನ್ನು ಒಳಗಿನ ಸಾಮಾನು. ಅಕ್ಕಿ ಅರ್ಧ ಕೆಜಿ, ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ಉದ್ದಿನಬೇಳೆ ತಲಾ ನೂರು ಗ್ರಾಂ, ಸ್ವಲ್ಪ ರವೆ, ಎರಡು ಅಚ್ಚು ಬೆಲ್ಲ. ಮೊರದೊಳಗೆ ಬೇಳೆಗಳನ್ನು ಗುಡ್ಡೆ ಗುಡ್ಡೆಯಾಗಿ ಸುರಿಯುವುದು ನೋಡಲು ಚೆಂದ, ಆದರೆ ದಾರಿಯಲ್ಲಿ ಬೆರೆತರೆ ಮತ್ತೆ ಆರಿಸುವವರು ಯಾರು? ಒಂದೊಂದನ್ನೂ ಪುಟ್ಟ ಬಟ್ಟೆ ಚೀಲದಲ್ಲಿ ಕಟ್ಟಿ. ಬೆಲ್ಲ ಈ ತಿಂಗಳ ತಂಪಿಗೆ ಬೆವರುತ್ತದೆ, ಅದನ್ನು ಬಟರ್ ಪೇಪರಿನಲ್ಲಿ ಸುತ್ತಿ ಕಣದಿಂದ ದೂರ ಇಡಿ. ಅರಿಶಿನ, ಕುಂಕುಮ ಕಾಗದದ ಪೊಟ್ಟಣದಲ್ಲಿ ಬೇಡವೇ ಬೇಡ. ಒಡೆದ ಕುಂಕುಮ ಹೊಸ ಕಣದ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ತಿರುಪಿನ ಮುಚ್ಚಳದ ಡಬ್ಬಿಯೇ ಆಗಬೇಕು. ಕನ್ನಡಿ, ಬಾಚಣಿಗೆ, ಕರಿಮಣಿ, ಬಳೆ-ಬಿಚ್ಚೋಲೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತವೆ. ಕನ್ನಡಿ, ಬಾಚಣಿಗೆ ಮಾತ್ರ ನಿಜವಾಗಿ ಬಳಸುವಂಥದ್ದು ನೋಡಿ ತನ್ನಿ.

ಗಾಜಿನ ಬಳೆಯ ಅಳತೆ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಎಂದು ಇರುತ್ತದೆ. ಎರಡು-ನಾಲ್ಕು ಎಂದರೆ ಒಳವ್ಯಾಸ ಎರಡು ಇಂಚು, ಮೇಲೆ ಹದಿನಾರರಲ್ಲಿ ನಾಲ್ಕು ಭಾಗ. ಅಳತೆ ಕೇಳಲು ಮರೆತಿದ್ದರೆ ಎರಡು-ಆರು ತನ್ನಿ, ತುಸು ದೊಡ್ಡದಾದರೂ ತೊಡಬಹುದು, ಚಿಕ್ಕದನ್ನು ಏರಿಸಲು ಹೋದರೆ ಕೈಯಲ್ಲೇ ಒಡೆಯುತ್ತದೆ. ಬಳೆಗಳನ್ನು ದಾರದಲ್ಲಿ ಪೋಣಿಸಿ ಬಿಗಿಯಾಗಿ ಕಟ್ಟಿ ಅಕ್ಕಿಯ ಚೀಲದೊಳಗೆ ಹುದುಗಿಸಿ. ರವಿಕೆ ಕಣ ಒಂದು ಮೀಟರ್‌ಗೆ ಕಡಿಮೆ ಬೇಡ. ಗುಳೇದಗುಡ್ಡದ ಖಣ ಕೊಡುವುದಾದರೆ ಅದರ ಪನ್ನ, ಅಂದರೆ ಅಗಲ, ಕಡಿಮೆ, ಉದ್ದ ಇನ್ನೂ ಸ್ವಲ್ಪ ಹೆಚ್ಚಿರಲಿ. ತೆಂಗಿನಕಾಯಿ ಜುಟ್ಟಿನದು, ಅಲ್ಲಾಡಿಸಿದರೆ ನೀರು ಕೇಳಬೇಕು, ಕಣ್ಣಿನ ಬಳಿ ಒದ್ದೆ ಇದ್ದರೆ ಒಳಗೆ ಕೆಟ್ಟಿರುತ್ತದೆ.

ಜೋಡಿಸುವಾಗ ಕಾಯಿಯನ್ನು ಒಂದು ಬದಿಗೆ, ಅಕ್ಕಿಯನ್ನು ಎದುರು ಬದಿಗೆ ಇಟ್ಟು ತೂಕ ಸರಿದೂಗಿಸಿ. ಎಲ್ಲ ಸೇರಿ ಎರಡು ಕೆಜಿ ದಾಟಿದರೆ ಮೊರ ನಡುವೆ ಬಾಗುತ್ತದೆ. ಹಣ್ಣು, ವೀಳ್ಯದೆಲೆ, ಅಡಿಕೆ, ಹೂವು ಮೊರದೊಳಗೆ ಬೇಡ, ಬೇರೆ ಚೀಲದಲ್ಲಿ ಒಯ್ದು ಕೊಡುವ ಹೊತ್ತಿಗೆ ಮೇಲಿಟ್ಟರೆ ಸರಿ. ಬಸ್ಸಿನ ಪ್ರಯಾಣವಿದ್ದರೆ ಹಸಿದಾರವನ್ನು ನಂಬಬೇಡಿ, ಅಗಲವಾದ ಹತ್ತಿ ಲಾಡಿಯಿಂದ ಅಡ್ಡ-ಉದ್ದ ಕಟ್ಟಿ.

ವ್ರತ ಮಾಡುವ ತಂಗಿಗೆ ತವರಿನದ್ದು ಹಿಂದಿನ ದಿನವೇ ತಲುಪಬೇಕು, ಆಗ ಅವಳು ಗೌರಿಯ ಮುಂದಿಟ್ಟು ಪೂಜಿಸಬಹುದು. ಅಣ್ಣನ ಜೊತೆ ಅತ್ತಿಗೆಯೂ ಹೋದರೆ, ಅರಿಶಿನ ಕುಂಕುಮ ಕೊಟ್ಟು, ಬಾಗಿನದ ಮೇಲೆ ಸೆರಗು ಹೊದಿಸಿ ಎರಡೂ ಕೈಯಿಂದ ಕೊಡುವುದು ಕ್ರಮ. ತೆಗೆದುಕೊಳ್ಳುವವಳೂ ಸೆರಗು ಹಿಡಿಯುತ್ತಾಳೆ. ಅಣ್ಣ ಒಬ್ಬನೇ ಹೋದರೆ ದೇವರ ಮುಂದಿಟ್ಟು, 'ತಗೊಳ್ಳಮ್ಮ' ಎಂದರೆ ಆಯಿತು. ದಕ್ಷಿಣೆ ಐನೂರೊಂದೋ ಸಾವಿರದ ಒಂದೋ, ಕವರಿನಲ್ಲಿಟ್ಟು ಕಣದ ಕೆಳಗೆ ಇಡಿ. ಅತ್ತೆ ಮನೆಯವರೆಲ್ಲರ ಎದುರು ಎಣಿಸಿ ಕೊಡುವುದು ಅವಳಿಗೂ ಮುಜುಗರ. ಇಬ್ಬರು ಮೂವರು ಅಕ್ಕ-ತಂಗಿಯರಿದ್ದರೆ ಎಲ್ಲರಿಗೂ ಒಂದೇ ಮೊತ್ತ, ಒಂದೇ ದರ್ಜೆಯ ಬಟ್ಟೆ. ಅನುಕೂಲಸ್ಥಳಿಗೆ ರೇಷ್ಮೆ, ಕಷ್ಟದಲ್ಲಿರುವವಳಿಗೆ ಹತ್ತಿ ಎನ್ನುವ ಲೆಕ್ಕ ತವರಿಗೆ ಸಲ್ಲದು. ಗಂಡನನ್ನು ಕಳೆದುಕೊಂಡ ಅಕ್ಕನಿಗೆ ಬಾಗಿನದ ಶಾಸ್ತ್ರವಿಲ್ಲ ಎಂದು ಸುಮ್ಮನಾಗುವ ಮನೆಗಳಿವೆ, ಅದು ತಪ್ಪು. ಅವಳಿಗೂ ಅದೇ ದಿನ ಸೀರೆ, ಹಣ್ಣು, ಹೂವು, ದುಡ್ಡು ಹೋಗಲೇಬೇಕು, ಅದೂ ಮೊದಲು ಹೋಗಬೇಕು.

ಬಂದ ಅಣ್ಣನನ್ನು ಬರಿಗೈಯಲ್ಲಿ ಕಳಿಸಬಾರದು. ಹಸಿ ತೆಂಗಿನಕಾಯಿ ಹೂರಣದ ಹಬೆ ಕಡುಬು ಬೆಳಗಾಗುವುದರೊಳಗೆ ಹುಳಿಯುತ್ತದೆ, ಅದನ್ನು ದೂರದೂರಿಗೆ ಕಟ್ಟಬೇಡಿ. ಕೊಬ್ಬರಿ, ಹುರಿಗಡಲೆ, ಸಕ್ಕರೆಯ ಹೂರಣದ ಕರಿಗಡುಬು ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿದರೆ ನಾಲ್ಕು ದಿನ ಗರಿಗರಿಯಾಗಿರುತ್ತದೆ.

ಅಣ್ಣ-ತಂಗಿಯ ಕೊಡು-ಕೊಳ್ಳುವಿಕೆ ಶುರುವಾಗುವುದು ಇನ್ನೂ ಮೊದಲು, ಆಷಾಢದ ಭೀಮನ ಅಮಾವಾಸ್ಯೆಗೆ. ಅಂದು ನಾಣ್ಯವಿಟ್ಟ ಕಡುಬಿನ ಭಂಡಾರವನ್ನು ಹೊಸ್ತಿಲ ಮೇಲಿಟ್ಟು ಅಣ್ಣ-ತಮ್ಮಂದಿರು ಮೊಣಕೈಯಿಂದ ಒಡೆಯುತ್ತಾರೆ, ಒಡೆದವರು ಅಕ್ಕ-ತಂಗಿಗೆ ಉಡುಗೊರೆ ಕೊಡುತ್ತಾರೆ. ನಾಣ್ಯವನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದು ಚೆನ್ನಾಗಿ ಒರೆಸಿ. ಕರಿಯುವ ಮನೆಯಲ್ಲಿ ನಾಣ್ಯ ಒದ್ದೆ ಇದ್ದರೆ ಎಣ್ಣೆ ಸಿಡಿಯುತ್ತದೆ. ಹಿಟ್ಟು ಪೂರಿಯದಕ್ಕಿಂತ ಗಟ್ಟಿ ಇರಲಿ, ಮೆತ್ತಗಿದ್ದರೆ ಒಡೆಯದೆ ಚಪ್ಪಟೆಯಾಗುತ್ತದೆ. ಭಂಡಾರದ ಕಡುಬನ್ನು ತಿನ್ನುವ ಕಡುಬಿನ ತಟ್ಟೆಗೆ ಸೇರಿಸಬೇಡಿ, ಮಕ್ಕಳು ನಾಣ್ಯ ನುಂಗುವ ಅಪಾಯವಿದೆ. ಶ್ರಾವಣದ ನಾಗರ ಪಂಚಮಿಯಲ್ಲಿ ತನಿ ಎರೆದ ಮೇಲೆ ಹಾಲಿನಲ್ಲಿ ಹೂವು ಅದ್ದಿ ಅಣ್ಣನ ಬೆನ್ನು ತೊಳೆಯುವ ಮನೆಗಳಲ್ಲಿ ಎರಡು ಚಮಚ ಹಾಲು ಧಾರಾಳ.

ಅಂಚೆಯಲ್ಲಿ ಬಾಗಿನ ಕಳಿಸುವವರು ಕಾಯಿ, ಹಣ್ಣು, ಬೆಲ್ಲ ಬಿಟ್ಟು, ಕುಂಕುಮದ ಡಬ್ಬಿಯ ಮುಚ್ಚಳಕ್ಕೆ ಟೇಪ್ ಸುತ್ತಿ, ವಾರಕ್ಕೆ ಮುಂಚೆ ಹಾಕಿ. ಹೊರದೇಶಕ್ಕಾದರೆ ಧಾನ್ಯ, ಎಲೆ, ಹಣ್ಣು ಬೇಡ, ಅನೇಕ ದೇಶಗಳಲ್ಲಿ ಗಡಿಯಲ್ಲೇ ತೆಗೆದು ಬಿಸಾಡುತ್ತಾರೆ. ಕಣ, ಬಳೆ, ಅರಿಶಿನ ಕುಂಕುಮ ಹೋದರೆ ಆಯಿತು, ಉಳಿದದ್ದಕ್ಕೆ ದುಡ್ಡು. ಫೋನಿನಲ್ಲಿ ದುಡ್ಡು ಹಾಕುವುದಾದರೆ ಹಬ್ಬದ ಹಿಂದಿನ ದಿನ ಹಾಕಿ, 'ಬಾಗಿನದ ದುಡ್ಡು ಹಾಕಿದ್ದೀನಿ, ನಿನಗೇ ಏನಾದರೂ ತಗೋ' ಎಂದು ಕರೆ ಮಾಡಿಯೇ ಹೇಳಿ. ಸುಮ್ಮನೆ ಹಾಕಿ ಬಿಟ್ಟರೆ ಅದು ಆ ತಿಂಗಳ ಗ್ಯಾಸು, ದಿನಸಿಗೆ ಸೇರಿಹೋಗುತ್ತದೆ.