ಅರ್ಲಿ ಡಿಸಿಷನ್: ಮಗಳ ಚಾನ್ಸ್ ಎಷ್ಟು ಅಂತ ನಾನು ಲೆಕ್ಕ ಹಾಕಿದ್ದು ಹೀಗೆ

ಹನ್ನೊಂದನೇ ತರಗತಿ ಮುಗಿಯುವ ಹೊತ್ತಿಗೆ ಮಗಳ ಬಾಯಲ್ಲಿ ಒಂದೇ ಕಾಲೇಜಿನ ಹೆಸರಿತ್ತು, ಬೋಡಿನ್. ಅಮೆರಿಕದ ಮೇನ್ ರಾಜ್ಯದ ಬ್ರನ್ಸ್‌ವಿಕ್ ಎಂಬ ಸಣ್ಣ ಊರಿನ, ಕಲೆ ವಿಜ್ಞಾನ ಎಲ್ಲ ಒಟ್ಟಿಗೆ ಕಲಿಸುವ ಲಿಬರಲ್ ಆರ್ಟ್ಸ್ ಕಾಲೇಜು. ಓದುವವರು ಎರಡು ಸಾವಿರದೊಳಗೆ. "ಅರ್ಲಿ ಡಿಸಿಷನ್‌ನಲ್ಲೇ ಹಾಕಲಾ ಅಮ್ಮ?" ಅಂತ ಕೇಳಿದಳು. ಹೂಂ ಅನ್ನುವ ಮುಂಚೆ ಸೀಟು ಸಿಗುವ ಸಾಧ್ಯತೆ ನಿಜಕ್ಕೂ ಎಷ್ಟು ಅಂತ ತಿಳಿಯಬೇಕಿತ್ತು.

ಏಕೆಂದರೆ ಅರ್ಲಿ ಡಿಸಿಷನ್ ಅಂದರೆ ಮಾತು ಕೊಟ್ಟ ಹಾಗೆ. ಒಂದೇ ಕಾಲೇಜಿಗೆ ಹಾಕಬಹುದು. ವಿದ್ಯಾರ್ಥಿ, ತಂದೆ ಅಥವಾ ತಾಯಿ, ಶಾಲೆಯ ಕೌನ್ಸೆಲರ್, ಮೂವರೂ ಸಹಿ ಹಾಕಬೇಕು. ನವೆಂಬರ್‌ನಲ್ಲಿ ಅರ್ಜಿ, ಡಿಸೆಂಬರ್ ನಡುವೆ ಉತ್ತರ. ಸಿಕ್ಕರೆ ಬೇರೆ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಂಡು ಅಲ್ಲಿಗೇ ಸೇರಬೇಕು. ಅರ್ಲಿ ಆ್ಯಕ್ಷನ್ ಅನ್ನುವುದು ಬೇರೆ, ಅದರಲ್ಲಿ ಈ ಕಟ್ಟುಪಾಡು ಇಲ್ಲ.

ಪರಿಚಯದವರೆಲ್ಲ ಹೇಳಿದ್ದು ಒಂದೇ ಮಾತು: ಅರ್ಲಿಯಲ್ಲಿ ಹಾಕಿದರೆ ಚಾನ್ಸ್ ಎರಡು ಮೂರು ಪಟ್ಟು ಜಾಸ್ತಿ. ಈ ಮಾತು ಎಷ್ಟು ನಿಜ ಅಂತ ನೋಡಲು ಕಾಮನ್ ಡೇಟಾ ಸೆಟ್ ತೆಗೆದೆ. ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ಒಂದೇ ನಮೂನೆಯಲ್ಲಿ ತುಂಬಿ ತಮ್ಮ ವೆಬ್‌ಸೈಟಿನಲ್ಲಿ ಹಾಕುವ ದಾಖಲೆ ಅದು. ಅದರ ಸಿ ವಿಭಾಗವೇ ಪ್ರವೇಶದ್ದು. ಸಿ1ರಲ್ಲಿ ಒಟ್ಟು ಅರ್ಜಿ, ಒಟ್ಟು ಪ್ರವೇಶ. ಸಿ21ರಲ್ಲಿ ಅರ್ಲಿ ಡಿಸಿಷನ್ ಅರ್ಜಿ ಎಷ್ಟು, ಸೀಟು ಸಿಕ್ಕಿದ್ದು ಎಷ್ಟು ಮಂದಿಗೆ. ಒಂದರಿಂದ ಇನ್ನೊಂದನ್ನು ಕಳೆದರೆ ರೆಗ್ಯುಲರ್, ಅಂದರೆ ಆಮೇಲಿನ ಸಾಮಾನ್ಯ ಸುತ್ತಿನ ಅಂಕಿ ಸಿಗುತ್ತದೆ. ಹತ್ತಿರಹತ್ತಿರ ನಿಲ್ಲುವ ನಾಲ್ಕೈದು ಕಾಲೇಜುಗಳಿಗೆ ಹೀಗೆ ಕಳೆದು ನೋಡಿದೆ. ವ್ಯತ್ಯಾಸ ಇರುವುದು ನಿಜ, ದೊಡ್ಡದೇ ಇದೆ.

ಆದರೆ ಆ ಶೇಕಡಾವಾರು ನಮ್ಮ ಮಗಳದ್ದಲ್ಲ. ಇದನ್ನು ಪ್ರತಿ ಅಪ್ಪ ಅಮ್ಮನಿಗೂ ಕೂರಿಸಿ ಹೇಳಬೇಕು ಅನ್ನಿಸುತ್ತದೆ. ಬೋಡಿನ್ ಇರುವುದು ನೆಸ್ಕ್ಯಾಕ್ ಎಂಬ ಹನ್ನೊಂದು ಕಾಲೇಜುಗಳ ಕ್ರೀಡಾ ಒಕ್ಕೂಟದಲ್ಲಿ. ವಿಲಿಯಮ್ಸ್, ಆ್ಯಮ್‌ಹರ್ಸ್ಟ್, ಮಿಡಲ್‌ಬರಿ ಎಲ್ಲ ಅದರಲ್ಲೇ ಇವೆ. ಇಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ. ಆದರೆ ಕೋಚ್‌ಗಳು ತಮಗೆ ಬೇಕಾದ ಮಕ್ಕಳ ಅಂಕಪಟ್ಟಿಯನ್ನು ಬೇಸಿಗೆಯಲ್ಲೇ ಪ್ರವೇಶ ಕಚೇರಿಗೆ ತೋರಿಸುತ್ತಾರೆ. ಅದಕ್ಕೆ ಪ್ರೀ-ರೀಡ್ ಅನ್ನುತ್ತಾರೆ. ಅಲ್ಲಿ ಸರಿ ಅನ್ನಿಸಿಕೊಂಡವರು ಸಾಮಾನ್ಯವಾಗಿ ಅರ್ಲಿಯಲ್ಲೇ ಹಾಕುತ್ತಾರೆ, ಬಹುತೇಕ ಎಲ್ಲರಿಗೂ ಸೀಟು ಸಿಗುತ್ತದೆ. ಸಣ್ಣ ಕಾಲೇಜಿಗೂ ಮೂವತ್ತರ ಆಸುಪಾಸು ತಂಡಗಳಿರುತ್ತವೆ, ಅವು ತುಂಬಬೇಕಲ್ವಾ? ಕೆಲವು ಕಾಲೇಜುಗಳು ಕ್ವೆಸ್ಟ್‌ಬ್ರಿಜ್ ಎಂಬ ಸಂಸ್ಥೆಯ ಮೂಲಕ ಬರುವ ಬಡ ಕುಟುಂಬದ ಮಕ್ಕಳನ್ನೂ ಇದೇ ಲೆಕ್ಕದಲ್ಲಿ ಸೇರಿಸುತ್ತವೆ. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೆಲವೆಡೆ ಇನ್ನೂ ಒಲವು ಇದೆ. ಆ್ಯಮ್‌ಹರ್ಸ್ಟ್ 2021ರಲ್ಲಿ ಅದನ್ನು ಕೈಬಿಟ್ಟಿತು, ಒಳ್ಳೆಯದೇ ಮಾಡಿತು.

ಇದನ್ನು ಅಂಕಿಯಲ್ಲಿ ನೋಡಲು ಊಹೆಯ ಒಂದು ಕಾಲೇಜು ಇಟ್ಟುಕೊಂಡೆ. 1,000 ಅರ್ಲಿ ಅರ್ಜಿ, 250 ಸೀಟು. ಅಂದರೆ 25%. ಅದರಲ್ಲಿ ಮೊದಲೇ ಹೆಚ್ಚುಕಡಿಮೆ ನಿಶ್ಚಯವಾದವರು 130 ಮಂದಿ ಅಂದುಕೊಳ್ಳಿ. ಉಳಿದದ್ದು 870 ಅರ್ಜಿ, 120 ಸೀಟು. 14%ಕ್ಕೂ ಕಡಿಮೆ! ರೆಗ್ಯುಲರ್‌ನಲ್ಲಿ 7% ಇದ್ದರೆ ಆಗಲೂ ಅರ್ಲಿ ಲಾಭವೇ. ಆದರೆ ನಾಲ್ವರಲ್ಲಿ ಒಬ್ಬರಿಗೆ ಅನ್ನುವ ನಂಬಿಕೆ ಇಟ್ಟುಕೊಂಡು ಹದಿನೇಳರ ಮಗುವನ್ನು ಡಿಸೆಂಬರ್‌ವರೆಗೆ ಕಾಯಿಸುವುದು ಬೇರೆ, ಏಳರಲ್ಲಿ ಒಬ್ಬರಿಗೆ ಅಂತ ತಿಳಿದು ಕಾಯುವುದು ಬೇರೆ.

ಆಮೇಲೆ ಅವಳ ಕಡೆ ನೋಡಿದೆ. ಶಾಲೆ ಬಳಸುವ ನೇವಿಯನ್ಸ್ ಎಂಬ ಸಾಫ್ಟ್‌ವೇರ್‌ನ ನಕ್ಷೆಯಲ್ಲಿ ಹಿಂದಿನ ವರ್ಷಗಳ ಅರ್ಜಿದಾರರು ಚುಕ್ಕಿಗಳಾಗಿ ಕಾಣುತ್ತಾರೆ. ಅಂಕ ಎಷ್ಟು, ಸೀಟು ಸಿಕ್ಕಿತೋ ಇಲ್ಲವೋ ಅಷ್ಟು. ಆ ಚುಕ್ಕಿ ಕೋಚ್ ಆರಿಸಿದ ಆಟಗಾರನದ್ದೋ ಅಲ್ಲವೋ ತಿಳಿಯುವುದಿಲ್ಲ. ಅದಕ್ಕಿಂತ ಕೌನ್ಸೆಲರ್ ಹತ್ತಿರ ಕೇಳಿದ ಒಂದು ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬಂತು. ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನ ಶಾಲಾ ವರದಿಯಲ್ಲಿ, ಈ ಮಗು ತೆಗೆದುಕೊಂಡ ವಿಷಯಗಳು ಶಾಲೆಯಲ್ಲಿ ಸಿಗುವುದರಲ್ಲಿ ಎಷ್ಟು ಕಠಿಣ ಅಂತ ಅವರು ಗುರುತು ಹಾಕಬೇಕು. "ನೀವು ಯಾವ ಚೌಕಕ್ಕೆ ಟಿಕ್ ಹಾಕುತ್ತೀರಿ?" ಅಂತ ನೇರವಾಗಿ ಕೇಳಿದೆ. ಅತಿ ಕಠಿಣ ಅನ್ನುವುದಕ್ಕೇ ಅಂದರು. ಸಮಾಧಾನವಾಯಿತು. ಬೋಡಿನ್ 1969ರಿಂದಲೇ ಪ್ರವೇಶ ಪರೀಕ್ಷೆಯ ಅಂಕ ಕಡ್ಡಾಯ ಮಾಡದ ಕಾಲೇಜು, ಹಾಗಾಗಿ ಎಸ್‌ಎಟಿ ಎಂಬ ಆ ಪರೀಕ್ಷೆಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ.

ಅಂಕಿಗೆ ಸಿಗದ ಒಂದು ವಿಷಯವಿತ್ತು. ಮಗಳಿಗೆ ಹಕ್ಕಿಗಳ ಹುಚ್ಚು. ಕೆನಡಾದ ಫಂಡಿ ಕೊಲ್ಲಿಯ ಕೆಂಟ್ ದ್ವೀಪದಲ್ಲಿ ಬೋಡಿನ್‌ನ ಸಂಶೋಧನಾ ಕೇಂದ್ರವಿದೆ, 1930ರ ದಶಕದಿಂದ. ಅಲ್ಲಿನ ಪೆಟ್ರೆಲ್ ಎಂಬ ಕಡಲಹಕ್ಕಿಗಳ ಮೇಲೆ ತಲೆಮಾರುಗಳಿಂದ ಕೆಲಸ ನಡೆಯುತ್ತಿದೆ. ಆ ಪ್ರಬಂಧಗಳನ್ನು ಅವಳು ಯಾರೂ ಹೇಳದೆ ಓದಿದ್ದಳು. 'ಈ ಕಾಲೇಜೇ ಯಾಕೆ' ಅನ್ನುವುದಕ್ಕೆ ಅವಳ ಹತ್ತಿರ ಇದ್ದ ಉತ್ತರವನ್ನು ಬೇರೆ ಕಾಲೇಜಿನ ಅರ್ಜಿಗೆ ಅಂಟಿಸಲು ಆಗುತ್ತಿರಲಿಲ್ಲ. ಸಹಿ ಹಾಕಲು ನನಗೆ ಧೈರ್ಯ ಬಂದದ್ದು 14%ರಿಂದ ಅಲ್ಲ, ಇದರಿಂದ.

ಕೊನೆಗೆ ದುಡ್ಡು. ಅರ್ಲಿಯಲ್ಲಿ ಬೇರೆ ಕಾಲೇಜಿನ ನೆರವಿನ ಪತ್ರ ಪಕ್ಕದಲ್ಲಿಟ್ಟು ಹೋಲಿಸಲು ಆಗುವುದಿಲ್ಲ. ಅದಕ್ಕೇ ನೆರವು ಕಳೆದು ನಾವು ಕಟ್ಟಬೇಕಾದದ್ದು ಎಷ್ಟು ಅಂತ ಅಂದಾಜು ಹೇಳುವ, ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್‌ನಲ್ಲಿ ನಾನು, ನಮ್ಮ ಯಜಮಾನರು ಇಬ್ಬರೂ ಬೇರೆ ಬೇರೆಯಾಗಿ ತುಂಬಿ ನೋಡಿದೆವು. ಮೈಸೂರಿನ ಸೈಟ್ ಕೂಡ ಆಸ್ತಿಯೇ, ನೆರವಿಗೆ ಹಾಕುವ ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿಯಲ್ಲಿ ಅದನ್ನು ತೋರಿಸಬೇಕು. ಕೊಟ್ಟ ನೆರವು ಸಾಲದೇ ಹೋದರೆ ಒಪ್ಪಂದದಿಂದ ಬಿಡಿಸಿಕೊಳ್ಳಬಹುದು, ನಿಜ. ಆದರೆ ಮಗು ಸಂತೋಷದಲ್ಲಿ ಕುಣಿದ ಮೇಲೆ ಬೇಡ ಅನ್ನುವುದು ಎಷ್ಟು ಕಷ್ಟ ಯೋಚಿಸಿ.

ಡಿಸೆಂಬರ್‌ನಲ್ಲಿ ಸೀಟು ಸಿಕ್ಕಿತು. ಸಿಗದಿದ್ದರೆ ಅಂತ ಜನವರಿಯ ಎರಡನೇ ಅರ್ಲಿ ಸುತ್ತಿಗೆ ಇನ್ನೊಂದು ಕಾಲೇಜು, ಜೊತೆಗೆ ಅಮೆರಿಕದಲ್ಲಿ ನಾವಿರುವ ರಾಜ್ಯದ ವಿಶ್ವವಿದ್ಯಾಲಯದ ಅರ್ಜಿ ತಯಾರಿಟ್ಟಿದ್ದೆವು.

ಈಗ ಮೈಸೂರಿನಿಂದ ಅಕ್ಕನ ಮಗಳು ಇದೇ ಪ್ರಶ್ನೆ ಕೇಳುತ್ತಿದ್ದಾಳೆ. ಅವಳ ಲೆಕ್ಕ ಶುರುವಾಗುವುದೇ ಬೇರೆ ಕಡೆಯಿಂದ. ಬೋಡಿನ್, ಆ್ಯಮ್‌ಹರ್ಸ್ಟ್‌ನಂಥ ಕೆಲವೇ ಕಾಲೇಜುಗಳು ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದಾಳೆ ಅಂತ ಪ್ರವೇಶದಲ್ಲಿ ಹಿಂದೆ ಸರಿಯುವುದಿಲ್ಲ. ಹೆಚ್ಚಿನವು ಅದನ್ನು ಗಣನೆಗೆ ತೆಗೆದುಕೊಳ್ಳುತ್ತವೆ. ಅವಳಿಗೆ ಕಾಮನ್ ಡೇಟಾ ಸೆಟ್‌ನಲ್ಲಿ ಸಿ21ಕ್ಕಿಂತ ಮೊದಲು ಬಿ2 ಮತ್ತು ಎಚ್6 ನೋಡು ಅಂದೆ. ಮೊದಲ ವರ್ಷದಲ್ಲಿ ವಿದೇಶಿ ಮಕ್ಕಳು ಎಷ್ಟಿದ್ದಾರೆ ಅಂತ ಬಿ2 ಹೇಳುತ್ತದೆ. ವಿದೇಶಿ ಮಕ್ಕಳಲ್ಲಿ ಎಷ್ಟು ಮಂದಿಗೆ, ಸರಾಸರಿ ಎಷ್ಟು ನೆರವು ಸಿಕ್ಕಿತು ಅಂತ ಎಚ್6 ಹೇಳುತ್ತದೆ. ಆ ಎರಡು ನೋಡಿದ ಮೇಲೆ ಅವಳ ಪಟ್ಟಿಯ ಅರ್ಧ ಹೆಸರು ಹೋದವು. ಅವಳ ಶಾಲೆಯಲ್ಲಿ ಕೌನ್ಸೆಲರ್ ಅಂತ ಯಾರೂ ಇಲ್ಲ. ಅರ್ಜಿಯಲ್ಲಿ ಕೌನ್ಸೆಲರ್ ತುಂಬಬೇಕಾದ ಭಾಗ ತುಂಬಿ ಸಹಿ ಹಾಕುತ್ತೀರಾ ಅಂತ ಪ್ರಿನ್ಸಿಪಾಲರನ್ನು ಈ ವಾರ ಕೇಳುತ್ತಾಳೆ.