ರೆಫರೆನ್ಸ್ ರಿಟರ್ನ್ ಮಾಡುವ ಮುಂಚೆ ನಾನು ನೋಡುವುದೇನು

ಸಿ++ನಲ್ಲಿ ಒಂದು ಫಂಕ್ಷನ್ ವ್ಯಾಲ್ಯೂವಿನ ಕಾಪಿ ಕೊಡಬಹುದು, ಇಲ್ಲವೇ ಆ ವ್ಯಾಲ್ಯೂ ಇರುವ ಜಾಗವನ್ನೇ ತೋರಿಸುವ ರೆಫರೆನ್ಸ್ ಕೊಡಬಹುದು. ಬರೆಯುವಾಗ ವ್ಯತ್ಯಾಸ ರಿಟರ್ನ್ ಟೈಪ್ ಪಕ್ಕದ ಒಂದು & ಚಿಹ್ನೆ ಅಷ್ಟೇ. ಅದು ಎಲ್ಲಿರಬೇಕು, ಎಲ್ಲಿರಬಾರದು ಅನ್ನುವುದು ನನಗೆ ಚೆನ್ನಾಗಿ ಮನಸ್ಸಿಗೆ ಹತ್ತಿದ್ದು ಒಂದು ಟೇಬಲ್ ಕ್ಲಾಸನ್ನು ತಿದ್ದಿ ಬರೆಯುವಾಗ. ಸಾಲು, ಕಾಲಂ ಲೆಕ್ಕದಲ್ಲಿ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಕ್ಲಾಸ್ ಅದು. ಹಳೆಯ ಕೋಡ್, ಹಲವರ ಕೈ ದಾಟಿ ನನ್ನ ಹತ್ತಿರ ಬಂದಿತ್ತು. ಅದರ ಬಹುಪಾಲು ಫಂಕ್ಷನ್‌ಗಳು ರೆಫರೆನ್ಸ್ ರಿಟರ್ನ್ ಮಾಡುತ್ತಿದ್ದವು. ಯಾಕೆ ಅಂತ ಕೇಳಿದರೆ ಸಿಗುತ್ತಿದ್ದ ಉತ್ತರ ಒಂದೇ: ಕಾಪಿ ಆಗಲ್ಲ, ಫಾಸ್ಟ್ ಇರುತ್ತೆ.

ನಾನು ಒಂದೊಂದೇ ಫಂಕ್ಷನ್ ತೆಗೆದುಕೊಂಡು ಬೇರೆ ಪ್ರಶ್ನೆ ಕೇಳುತ್ತಾ ಹೋದೆ. ಈ ರೆಫರೆನ್ಸ್ ತೋರಿಸುತ್ತಿರುವ ಡೇಟಾ ಯಾರ ಕೈಯಲ್ಲಿದೆ? ಫಂಕ್ಷನ್ ಮುಗಿದ ಮೇಲೂ ಅದು ಎಷ್ಟು ಹೊತ್ತು ಇರುತ್ತದೆ? ವೇಗದ ಮಾತು ಆಮೇಲೆ.

ಮೊದಲು ಸುಲಭದ್ದು. ಸಾಲು ಮತ್ತು ಕಾಲಂ ನಂಬರ್ ಕೊಟ್ಟರೆ ಆ ಸೆಲ್‌ಗೆ ರೆಫರೆನ್ಸ್ ಕೊಡುವ ಫಂಕ್ಷನ್. ಡೇಟಾ ಟೇಬಲ್ ಒಳಗೇ ಇದೆ, ಟೇಬಲ್ ಇರುವ ತನಕ ಅದೂ ಇರುತ್ತದೆ. ಹಾಗಾಗಿ ಇಲ್ಲಿ ರೆಫರೆನ್ಸ್ ಸರಿ. ಫಂಕ್ಷನ್ ಕಾಲ್ ಅನ್ನು ಈಕ್ವಲ್ ಚಿಹ್ನೆಯ ಎಡಗಡೆ ಬರೆದು ಸೆಲ್‌ಗೆ ಹೊಸ ವ್ಯಾಲ್ಯೂ ಹಾಕಬಹುದು, += ಕೂಡ ನಡೆಯುತ್ತದೆ. ವೆಕ್ಟರ್‌ನ (ಬೇಕಾದಂತೆ ಬೆಳೆಯುವ ಪಟ್ಟಿ) ಚೌಕ ಬ್ರಾಕೆಟ್ ಕೆಲಸ ಮಾಡುವುದೂ ಹೀಗೇ. ಇದರ ಜೊತೆಗೆ ಒಂದು ಕಾನ್ಸ್ಟ್ ಆವೃತ್ತಿ, ಅಂದರೆ ಓದಲು ಮಾತ್ರ ಬಿಡುವಂಥದ್ದು, ಬೇಕು. ಟೇಬಲ್ ಓದಲು ಮಾತ್ರ ಸಿಕ್ಕವರಿಗೆ ತಿದ್ದುವ ದಾರಿ ಸಿಗಬಾರದು, ಅಲ್ವಾ?

ಇನ್ನೊಂದು ಫಂಕ್ಷನ್ ಕಾಲಂನ ಹೆಸರು ಮತ್ತು ಯೂನಿಟ್ ಸೇರಿಸಿ ಒಂದು ಸ್ಟ್ರಿಂಗ್ ಕಟ್ಟುತ್ತಿತ್ತು. ಕಟ್ಟಿದ್ದು ಲೋಕಲ್ ವೇರಿಯಬಲ್‌ನಲ್ಲಿ. ಅದನ್ನು ಒಂದು ಸಹಾಯಕ ಫಂಕ್ಷನ್‌ಗೆ ಕಳಿಸುತ್ತಿತ್ತು. ಆ ಸಹಾಯಕ ಖಾಲಿ ಜಾಗ ತೆಗೆದು ಅದೇ ಸ್ಟ್ರಿಂಗ್‌ಗೆ ರೆಫರೆನ್ಸ್ ವಾಪಸ್ ಕೊಡುತ್ತಿತ್ತು. ಮೊದಲಿನ ಫಂಕ್ಷನ್ ಆ ರೆಫರೆನ್ಸನ್ನು ಹಾಗೇ ಹೊರಗೆ ದಾಟಿಸುತ್ತಿತ್ತು. ಫಂಕ್ಷನ್ ಮುಗಿಯುತ್ತಿದ್ದಂತೆ ಲೋಕಲ್ ಸ್ಟ್ರಿಂಗ್ ನಾಶವಾಗುತ್ತದೆ, ಸ್ಟ್ಯಾಕ್‌ನಲ್ಲಿ ಅದಿದ್ದ ಜಾಗವನ್ನು ಮುಂದಿನ ಕಾಲ್ ಬಳಸಿಕೊಳ್ಳುತ್ತದೆ. ಹೊರಗೆ ಹೋದ ರೆಫರೆನ್ಸ್ ಮಾತ್ರ ಅದೇ ಜಾಗ ತೋರಿಸುತ್ತಾ ನಿಂತಿರುತ್ತದೆ. ಲೋಕಲ್ ವೇರಿಯಬಲ್‌ಗೆ ನೇರವಾಗಿ ರೆಫರೆನ್ಸ್ ರಿಟರ್ನ್ ಮಾಡಿದರೆ ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್‌ಗಳು ಎಚ್ಚರಿಸುತ್ತವೆ. ಇಲ್ಲಿ ನಡುವೆ ಸಹಾಯಕ ಫಂಕ್ಷನ್ ಇತ್ತು, ಅದೂ ಬೇರೆ ಫೈಲ್‌ನಲ್ಲಿ. ಕಂಪೈಲರ್ ಏನೂ ಹೇಳಲಿಲ್ಲ. ಇಂಥ ಕೋಡ್ ಟೆಸ್ಟ್‌ನಲ್ಲಿ ಪಾಸ್ ಆಗುವುದೂ ಉಂಟು. ಹಳೆಯ ಬೈಟ್‌ಗಳ ಮೇಲೆ ಬೇರೆ ಯಾರೂ ಬರೆಯದೆ ಇದ್ದರೆ ಸರಿಯಾದ ಉತ್ತರವೇ ಕಾಣುತ್ತದೆ. ಅದಕ್ಕೇ ಇದು ಅಪಾಯದ್ದು. ನಾನು & ತೆಗೆದು, ಸ್ಟ್ರಿಂಗನ್ನು ವ್ಯಾಲ್ಯೂ ಆಗಿಯೇ ರಿಟರ್ನ್ ಮಾಡಿಸಿದೆ.

ಕಾಲಂಗಳ ಮೊತ್ತ ಲೆಕ್ಕ ಹಾಕಿ ಇಡೀ ವೆಕ್ಟರ್ ಕೊಡುವ ಫಂಕ್ಷನ್ ವಿಷಯದಲ್ಲಿ ತಂಡದಲ್ಲಿ ಜಾಸ್ತಿ ಚರ್ಚೆ ಆಯಿತು. ದೊಡ್ಡ ವೆಕ್ಟರ್, ಕಾಪಿ ಆದರೆ ಹೇಗೆ ಅನ್ನುವ ಭಯ. ಆ ಭಯಕ್ಕೇ ಯಾರೋ ಅದನ್ನು ಸ್ಟ್ಯಾಟಿಕ್ ವೇರಿಯಬಲ್ (ಎಲ್ಲ ಕಾಲ್‌ಗಳಿಗೂ ಒಂದೇ ಆಗಿ ಉಳಿಯುವಂಥದ್ದು) ಮಾಡಿ ರೆಫರೆನ್ಸ್ ಕೊಟ್ಟಿದ್ದರು. ಅದರಿಂದ ಎರಡು ಟೇಬಲ್‌ಗಳ ಮೊತ್ತವನ್ನು ಹೋಲಿಸಲು ಹೋದರೆ ಎರಡೂ ಒಂದೇ ಆಗಿ ಕಾಣುತ್ತಿದ್ದವು. ಎರಡು ಥ್ರೆಡ್ ಒಟ್ಟಿಗೆ ಕರೆದರೆ ಎರಡೂ ಒಂದೇ ಜಾಗದಲ್ಲಿ ಬರೆದು ಉತ್ತರ ಕೆಡಬಹುದು. ನಿಜ ಹೇಳಬೇಕೆಂದರೆ ಆ ಭಯಕ್ಕೆ ಈಗ ಆಧಾರ ಇಲ್ಲ. 2011ರ ಸಿ++ನಲ್ಲಿ ಮೂವ್ ಬಂತು. ಲೋಕಲ್ ವೆಕ್ಟರನ್ನು ರಿಟರ್ನ್ ಮಾಡಿದಾಗ ಕಂಪೈಲರ್ ಸಾಮಾನ್ಯವಾಗಿ ಕಾಪಿಯನ್ನೇ ಕೈಬಿಡುತ್ತದೆ. ಬಿಡದಿದ್ದರೂ ಮೂವ್ ಆಗುತ್ತದೆ, ಅಂದರೆ ಒಳಗಿನ ಪಾಯಿಂಟರ್ ಕೈ ಬದಲಾಗುತ್ತದೆ ಅಷ್ಟೇ. ರಿಟರ್ನ್ ಸಾಲಿನಲ್ಲೇ ಹೊಸದಾಗಿ ಕಟ್ಟಿದ ಆಬ್ಜೆಕ್ಟ್ ಆದರೆ ಕಾಪಿಯೂ ಇಲ್ಲ, ಮೂವ್ ಕೂಡ ಇಲ್ಲ. 2017ರಿಂದ ಇದು ಭಾಷೆಯ ನಿಯಮವೇ. ಹೊಸದಾಗಿ ಹುಟ್ಟುವ ಯಾವ ಉತ್ತರವನ್ನೂ ನಾನು ಈಗ ಯೋಚಿಸದೆ ವ್ಯಾಲ್ಯೂ ಆಗಿ ಕೊಡುತ್ತೇನೆ.

ನನಗೆ ಜಾಸ್ತಿ ಸಮಯ ಹಿಡಿದದ್ದು ಸರಿಯಾದ ರೆಫರೆನ್ಸ್ ಕೂಡ ಮಧ್ಯದಲ್ಲಿ ಕೆಡುವ ಜಾಗ. ಟೇಬಲ್ ತನ್ನ ಸಾಲುಗಳನ್ನು ಒಂದು ವೆಕ್ಟರ್‌ನಲ್ಲಿ ಇಟ್ಟಿತ್ತು. ಸಾಲು ಕೊಡುವ ಫಂಕ್ಷನ್ ಆ ಸಾಲಿಗೆ ರೆಫರೆನ್ಸ್ ಕೊಡುತ್ತಿತ್ತು. ಒಬ್ಬರು ಮೊದಲ ಸಾಲಿನ ರೆಫರೆನ್ಸ್ ಹಿಡಿದುಕೊಂಡು, ಟೇಬಲ್‌ಗೆ ಹೊಸ ಸಾಲು ಸೇರಿಸಿ, ಆಮೇಲೆ ಹಳೆಯ ರೆಫರೆನ್ಸ್ ಮೂಲಕ ಓದುತ್ತಿದ್ದರು. ವೆಕ್ಟರ್‌ನಲ್ಲಿ ಜಾಗ ತುಂಬಿದ್ದರೆ ಅದು ಬೇರೆ ಕಡೆ ದೊಡ್ಡ ಜಾಗ ಹಿಡಿದು, ಎಲ್ಲವನ್ನೂ ಅಲ್ಲಿಗೆ ಸಾಗಿಸಿ, ಹಳೆಯದನ್ನು ಬಿಟ್ಟುಬಿಡುತ್ತದೆ. ಕೈಯಲ್ಲಿದ್ದ ರೆಫರೆನ್ಸ್ ಆಗ ಕೆಟ್ಟಿತು. ಜಾಗ ಖಾಲಿ ಇದ್ದ ದಿನ ತೊಂದರೆಯೇ ಕಾಣುವುದಿಲ್ಲ. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಟೂಲ್ ಹಾಕಿ ಟೆಸ್ಟ್ ಓಡಿಸಿದಾಗ ಇದು ತಕ್ಷಣ ಸಿಕ್ಕಿತು: ಬಿಟ್ಟ ಮೆಮೊರಿಯನ್ನು ಓದಿದ್ದು ಯಾವ ಸಾಲಿನಲ್ಲಿ, ಬಿಟ್ಟದ್ದು ಯಾವ ಸಾಲಿನಲ್ಲಿ ಎರಡನ್ನೂ ಅದು ತೋರಿಸುತ್ತದೆ. ಸಿ++ ಬರೆಯುವವರು ಈ ಟೂಲ್ ಇಲ್ಲದೆ ಟೆಸ್ಟ್ ಮಾಡಬಾರದು ಅಂತಲೇ ನನ್ನ ಅಭಿಪ್ರಾಯ.

ಪರಿಹಾರಕ್ಕೆ ನಾನು ವೆಕ್ಟರ್ ಬದಲು ಡೆಕ್ ಅನ್ನುವ ಇನ್ನೊಂದು ಬಗೆಯ ಪಟ್ಟಿ ಬಳಸಿದೆ. ಡೆಕ್‌ನ ತುದಿಯಲ್ಲಿ ಹೊಸದು ಸೇರಿಸಿದರೆ ಹಳೆಯ ಐಟಂಗಳು ಜಾಗ ಬಿಟ್ಟು ಕದಲುವುದಿಲ್ಲ, ರೆಫರೆನ್ಸ್‌ಗಳು ಹಾಗೇ ಉಳಿಯುತ್ತವೆ. ಐಟಂಗಳನ್ನು ಒಂದೊಂದಾಗಿ ದಾಟಿ ಹೋಗಲು ಬಳಸುವ ಇಟರೇಟರ್‌ಗಳು ಮಾತ್ರ ಉಳಿಯುವುದಿಲ್ಲ, ಅದನ್ನು ನೆನಪಿಡಬೇಕು. ನಡುವೆ ಸೇರಿಸಿದರೆ ಎರಡೂ ಹೋಗುತ್ತವೆ. ನಮ್ಮ ಟೇಬಲ್‌ನಲ್ಲಿ ಸಾಲು ಸೇರುವುದು ಕೊನೆಗೆ ಮಾತ್ರ, ಆದ್ದರಿಂದ ಅದು ಸಾಕಾಯಿತು.

ಕರೆಯುವವರ ಕಡೆಯೂ ಒಂದು ಮಾತಿದೆ. ಫಂಕ್ಷನ್ ರೆಫರೆನ್ಸ್ ಕೊಟ್ಟರೂ ಅದನ್ನು ಸುಮ್ನೆ ಆಟೋ (ಟೈಪನ್ನು ಕಂಪೈಲರೇ ಊಹಿಸುವ) ವೇರಿಯಬಲ್‌ಗೆ ಹಿಡಿದರೆ ಸಿಗುವುದು ಕಾಪಿ. ಅದನ್ನು ತಿದ್ದಿದರೆ ಮೂಲ ಬದಲಾಗುವುದಿಲ್ಲ, ಕಂಪೈಲರ್ ಕೂಡ ತುಟಿ ಬಿಚ್ಚುವುದಿಲ್ಲ. ಆಟೋ ಪಕ್ಕದಲ್ಲಿ & ಬರೆಯಲೇಬೇಕು.

ಇಷ್ಟೆಲ್ಲ ಆದ ಮೇಲೆ ಅನ್‌ಡೂ ಬೇಕು ಅಂತ ಬೇಡಿಕೆ ಬಂತು. ಯಾವ ಸೆಲ್ ಯಾವಾಗ ಬದಲಾಯಿತು ಅಂತ ಟೇಬಲ್‌ಗೆ ತಿಳಿಯಬೇಕು. ಆದರೆ ಸೆಲ್‌ನ ರೆಫರೆನ್ಸ್ ಕೊಟ್ಟ ಮೇಲೆ ಹೊರಗಿನವರು ನೇರವಾಗಿ ಬರೆಯುತ್ತಾರೆ, ಟೇಬಲ್‌ಗೆ ಸುದ್ದಿಯೇ ಬರುವುದಿಲ್ಲ. ಸೆಲ್ ಬದಲು ಒಂದು ಪ್ರಾಕ್ಸಿ ಆಬ್ಜೆಕ್ಟ್ ಕೊಟ್ಟು, ಬರೆದಾಗ ಅದು ಟೇಬಲ್‌ಗೆ ತಿಳಿಸುವ ಹಾಗೆ ಮಾಡಬಹುದಿತ್ತು. ಬೂಲ್‌ಗಳ ವೆಕ್ಟರ್‌ನ ಚೌಕ ಬ್ರಾಕೆಟ್ ಕೊಡುವುದೂ ನಿಜವಾದ ರೆಫರೆನ್ಸ್ ಅಲ್ಲ, ಪ್ರಾಕ್ಸಿ. ಅದನ್ನು ಆಟೋಗೆ ಹಿಡಿದವರು ಕಾಪಿ ಸಿಕ್ಕಿತು ಅಂದುಕೊಳ್ಳುತ್ತಾರೆ, ಬರೆದರೆ ಮೂಲವೇ ಬದಲಾಗುತ್ತದೆ. ನನಗೆ ಆ ಗೊಂದಲ ಬೇಡವಾಗಿತ್ತು. ಓದಲು ಒಂದು ಫಂಕ್ಷನ್, ಬರೆಯಲು ಒಂದು ಫಂಕ್ಷನ್ ಅಂತ ಬೇರೆ ಮಾಡಿದೆ. ಓದುವುದು ವ್ಯಾಲ್ಯೂ ಕೊಡುತ್ತದೆ. ಒಂದು ಡಬಲ್ ಎಂಟೇ ಬೈಟ್, ಅದಕ್ಕೆ ರೆಫರೆನ್ಸ್ ಯಾಕೆ? ಸಾಲು ಕೊಡುವ ಫಂಕ್ಷನ್‌ನಲ್ಲಿ ಕಾನ್ಸ್ಟ್ ರೆಫರೆನ್ಸ್ ಮಾತ್ರ ಉಳಿಸಿದೆ.

ಇದೇ ಪ್ರಶ್ನೆಯನ್ನು ಬೇರೆ ಭಾಷೆಗಳಿಗೂ ಹಿಡಿದುಕೊಂಡು ಹೋಗಿದ್ದೇನೆ. ಪಿಎಚ್‌ಪಿಯಲ್ಲಿ ಫಂಕ್ಷನ್ ಹೆಸರಿನ ಮುಂದೆಯೂ &, ಕರೆದು ವೇರಿಯಬಲ್‌ಗೆ ಹಿಡಿಯುವಾಗಲೂ & ಬೇಕು. ಒಂದು ಬಿಟ್ಟರೆ ಸಿಗುವುದು ಕಾಪಿಯೇ. ವೇಗಕ್ಕಾಗಿ ಇದನ್ನು ಬಳಸಬೇಡಿ, ಎಂಜಿನ್ ತಾನೇ ನೋಡಿಕೊಳ್ಳುತ್ತದೆ ಅಂತ ಅದರ ಕೈಪಿಡಿಯೇ ಹೇಳುತ್ತದೆ. ಸಿ ಶಾರ್ಪ್‌ಗೆ ರೆಫ್ ರಿಟರ್ನ್ ಬಂದದ್ದು 2017ರಲ್ಲಿ, 7.0 ಆವೃತ್ತಿಯಲ್ಲಿ. ಅಲ್ಲಿ ಲೋಕಲ್ ವೇರಿಯಬಲ್‌ಗೆ ರೆಫ್ ಕೊಡಲು ಹೋದರೆ ಎಚ್ಚರಿಕೆ ಅಲ್ಲ, ಎರರ್. ಗೋದಲ್ಲಿ ಲೋಕಲ್ ವೇರಿಯಬಲ್‌ನ ಅಡ್ರೆಸ್ ರಿಟರ್ನ್ ಮಾಡಿದರೂ ತಪ್ಪಿಲ್ಲ. ಅದು ಹೊರಗೆ ಹೋಗುತ್ತದೆ ಅಂತ ಕಂಡರೆ ಕಂಪೈಲರ್ ಅದನ್ನು ಹೀಪ್‌ನಲ್ಲಿ, ಅಂದರೆ ಫಂಕ್ಷನ್ ಮುಗಿದರೂ ಉಳಿಯುವ ಮೆಮೊರಿಯಲ್ಲಿ, ಇಡುತ್ತದೆ. ರಸ್ಟ್ ಇನ್ನೂ ಬಿಗಿ. ಎರಡು ರೆಫರೆನ್ಸ್ ತೆಗೆದುಕೊಂಡು ಒಂದನ್ನು ವಾಪಸ್ ಕೊಡುವ ಸಾಮಾನ್ಯ ಫಂಕ್ಷನ್ ಬರೆದರೆ, ಉತ್ತರದ ಆಯಸ್ಸು ಯಾವುದಕ್ಕೆ ಕಟ್ಟುಬಿದ್ದಿದೆ ಅಂತ ಲೈಫ್‌ಟೈಮ್ ಹಾಕಿ ಬರೆಯಬೇಕು. ಸಾಲಿನ ರೆಫರೆನ್ಸ್ ಕೈಯಲ್ಲಿ ಹಿಡಿದು ಟೇಬಲ್‌ಗೆ ಹೊಸ ಸಾಲು ಸೇರಿಸುವ ಕೋಡ್ ಅಲ್ಲಿ ಕಂಪೈಲ್ ಆಗುವುದೇ ಇಲ್ಲ.

ಸಿ++ನಲ್ಲಿ ಆ ಕಾವಲು ಇಲ್ಲ. ಹಾಗಾಗಿ ಹೆಡರ್ ಫೈಲ್‌ನಲ್ಲಿ ರೆಫರೆನ್ಸ್ ಕೊಡುವ ಪ್ರತಿ ಫಂಕ್ಷನ್ ಮೇಲೆ ನಾನು ಒಂದು ಸಾಲಿನ ಕಾಮೆಂಟ್ ಬರೆಯುತ್ತೇನೆ. ಸಾಲು ಕೊಡುವ ಫಂಕ್ಷನ್ ಮೇಲೆ ಈಗ ಹೀಗಿದೆ: ‘ಕೊನೆಗೆ ಸಾಲು ಸೇರಿಸಿದರೂ ಈ ರೆಫರೆನ್ಸ್ ನಡೆಯುತ್ತದೆ. ಸಾಲು ಅಳಿಸಿದ ಮೇಲೆ, ಅಥವಾ ಟೇಬಲ್ ಹೋದ ಮೇಲೆ ಬಳಸಬೇಡಿ.’