ಸಂವಹನದಲ್ಲಿ ಪಿಎಚ್‌ಡಿ ಮಾಡೋರಿಗೆ: ಎಂಟ್ರೆನ್ಸಿಂದ ವೈವಾ ತನಕ ಏನೇನಿರತ್ತೆ

ಜರ್ನಲಿಸಂ ಎಂಎ ಮುಗಿಸಿದವ್ರೂ ಕೇಳ್ತಾರೆ, ನ್ಯೂಸ್ ಡೆಸ್ಕಲ್ಲಿ ನಾಲ್ಕೈದು ವರ್ಷ ದುಡಿದವ್ರೂ ಕೇಳ್ತಾರೆ, ಪಿಎಚ್‌ಡಿ ಮಾಡ್ಬೇಕು ಎಲ್ಲಿಂದ ಶುರು ಮಾಡ್ಲಿ ಅಂತ. ಬೆಂಗಳೂರಲ್ಲಿ ಜಾಗಕ್ಕೇನೂ ಬರ ಇಲ್ಲ, ಜ್ಞಾನಭಾರತಿಲಿ ಬೆಂಗಳೂರು ವಿವಿ ಸಂವಹನ ವಿಭಾಗ ಇದೆ, ಕ್ರೈಸ್ಟ್, ಜೈನ್ ಥರದ ಖಾಸಗಿ ವಿವಿಗಳೂ ಇವೆ. ಎಲ್ಲಾ ಕಡೆ ಬುಡದಲ್ಲಿರೋದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್‌ಡಿ ನಿಯಮಾನೇ, ಆದ್ರೆ ಫೀಸು, ಫಾರ್ಮು, ಕಡೇ ದಿನಾಂಕ ಎಲ್ಲಾ ಆಯಾ ವಿವಿದು, ಅದನ್ನ ಅವ್ರ ನೋಟಿಫಿಕೇಶನಲ್ಲೇ ನೋಡಿ, ಫ್ರೆಂಡ್ ಹೇಳಿದ್ದನ್ನ ನಂಬ್ಕೊಂಡು ಕೂರ್ಬೇಡಿ.

ಎಂಎಲಿ 55% ಬೇಕು, ಎಸ್‌ಸಿ, ಎಸ್‌ಟಿ, ಒಬಿಸಿಯವ್ರಿಗೆ 50%. 2024ರ ಜೂನಿಂದ ನೆಟ್ ಅನ್ನೋ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಲಿ ಮೂರು ಕೆಟಗರಿ ಇದೆ, ಬರೀ ಪಿಎಚ್‌ಡಿಗೆ ಅಂತಾನೇ ಪಾಸಾದ್ರೂ ಅಡ್ಮಿಷನ್‌ಗೆ ನಡೆಯತ್ತೆ, ಆದ್ರೆ ಆ ಸ್ಕೋರ್ ಒಂದೇ ವರ್ಷ ಚಾಲ್ತಿ, ಮತ್ತೆ ಜೆಆರ್‌ಎಫ್ (ತಿಂಗಳಿಗಿಷ್ಟು ಅಂತ ದುಡ್ಡು ಬರೋ ರಿಸರ್ಚ್ ಫೆಲೋಶಿಪ್) ಇಲ್ಲದವ್ರಿಗೆ ನೆಟ್ ಅಂಕಕ್ಕೆ 70%, ಸಂದರ್ಶನಕ್ಕೆ 30% ತೂಕ. ಜೆಆರ್‌ಎಫ್‌ಗೇ ಮನಸ್ಸಿಟ್ಟು ಓದಿ ಅಂತ ನಾನು ಹೇಳೋದು, ಮೊದಲೆರಡು ವರ್ಷ ತಿಂಗಳಿಗೆ 37,000 ಆಮೇಲೆ 42,000 ಬಂದ್ರೆ ಈ ಊರಿನ ಬಾಡಿಗೆ ಕಟ್ಕೊಂಡು ಫುಲ್‌ಟೈಮ್ ಓದೋಕಾಗತ್ತೆ.

ಗೈಡ್ ವಿಷ್ಯ. ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ಜನ ಅಂತ ಮಿತಿ ಇರೋದ್ರಿಂದ ಸೀಟು ಖಾಲಿ ಇರೋ ಗೈಡ್ ಯಾರು ಅಂತ ಮೊದ್ಲೇ ವಿಚಾರಿಸಿ. ಶೋಧಗಂಗಾ ಸೈಟಲ್ಲಿ ಅವ್ರ ಹಳೇ ವಿದ್ಯಾರ್ಥಿಗಳ ಥೀಸಿಸ್ ಫ್ರೀಯಾಗಿ ಸಿಗತ್ತೆ, ಒಂದೆರಡರ ಮೆಥಡಾಲಜಿ (ಸಂಶೋಧನೆ ಹೆಂಗೆ ಮಾಡಿದ್ರು ಅನ್ನೋ) ಅಧ್ಯಾಯ ಓದಿದ್ರೆ ಆ ಮನುಷ್ಯ ಎಷ್ಟು ಕೂತು ತಿದ್ದಿಸ್ತಾರೆ ಅನ್ನೋದು ಗೊತ್ತಾಗೋಗತ್ತೆ.

ಕೋರ್ಸ್‌ವರ್ಕ್ (ಶುರುಲಿ ಮಾಡೋ ಕ್ಲಾಸು, ಪರೀಕ್ಷೆ) ಕನಿಷ್ಠ 12 ಕ್ರೆಡಿಟ್, ರಿಸರ್ಚ್ ಎಥಿಕ್ಸ್ ಪೇಪರೂ ಸೇರಿ, 55% ತಗೋಬೇಕು. ಇದು ಹೆಂಗೋ ಆಗತ್ತೆ.

ನಿಜವಾದ ಕೆಲ್ಸ ಸಿನಾಪ್ಸಿಸಲ್ಲಿ, ಅಂದ್ರೆ ಏನು ಸಂಶೋಧಿಸ್ತೀನಿ ಅಂತ ಬರೆದು ಕೊಡೋ ರೂಪರೇಖೆಲಿ ಇರೋದು, ಅದರಲ್ಲೂ ಪ್ರಶ್ನೆ ಕಟ್ಟೋದ್ರಲ್ಲಿ. ‘ಯುವಜನರ ಮೇಲೆ ಸೋಶಿಯಲ್ ಮೀಡಿಯಾ ಪ್ರಭಾವ’ ಅಂತ ಬರ್ಕೊಂಡು ಬರ್ತಾರೆ, ಯಾವ ಯುವಜನ, ಯಾವ ಆ್ಯಪು, ಪ್ರಭಾವ ಅಂದ್ರೆ ಏನನ್ನ ಅಳೀತೀರಿ ಅಂದ್ರೆ ಉತ್ತರ ಇಲ್ಲ. ನಾವೆಲ್ಲಾ ಪಾಠದಲ್ಲಿ ಓದೋ ಅಜೆಂಡಾ ಸೆಟ್ಟಿಂಗ್ ಸಿದ್ಧಾಂತ (ಮಾಧ್ಯಮ ಒತ್ತಿ ಹೇಳಿದ್ದನ್ನೇ ಜನ ಮುಖ್ಯ ಅಂದ್ಕೊಳ್ತಾರೆ ಅನ್ನೋದು) ನೋಡಿ, ಮೆಕ್‌ಕೂಂಬ್ಸ್ ಮತ್ತೆ ಶಾ 1968ರ ಅಮೆರಿಕ ಎಲೆಕ್ಷನ್ ಟೈಮಲ್ಲಿ ಚಾಪೆಲ್ ಹಿಲ್ ಅನ್ನೋ ಒಂದೇ ಊರಲ್ಲಿ, ಯಾರಿಗೆ ಓಟು ಅಂತ ಇನ್ನೂ ತೀರ್ಮಾನಿಸದ ನೂರು ಮತದಾರರನ್ನ ಮಾತಾಡಿಸಿ, ಅವ್ರು ಮುಖ್ಯ ಅಂದ ವಿಷಯಾನೂ ಮಾಧ್ಯಮದಲ್ಲಿ ಬಂದಿದ್ದ ಸುದ್ದಿನೂ ಹೋಲಿಸಿದ್ರು, 1972ರಲ್ಲಿ ಪ್ರಕಟ ಆಯ್ತು, ಅಷ್ಟೇ. ಹಂಗೆ ನೀವೂ ‘2023ರ ಸೆಪ್ಟೆಂಬರಿನ ಕಾವೇರಿ ಬಂದ್ ಸಮಯದಲ್ಲಿ ಎರಡು ಕನ್ನಡ ಪತ್ರಿಕೆಗಳ ಮುಖಪುಟದಲ್ಲಿ ರೈತರ ಮಾತಿಗೆಷ್ಟು ಜಾಗ, ಸರ್ಕಾರದ ಮಾತಿಗೆಷ್ಟು’ ಅಂತ ಕೇಳ್ಕೊಂಡ್ರೆ ಯಾವ ಪೇಪರ್ ತೆಗೀಬೇಕು, ಎಷ್ಟು ದಿನದ್ದು, ಏನನ್ನ ಎಣಿಸ್ಬೇಕು ಎಲ್ಲಾ ತಾನಾಗೇ ಇತ್ಯರ್ಥ ಆಗತ್ತೆ. ಪಿಎಚ್‌ಡಿಗೆ ಇಷ್ಟೇ ಸಾಲ್ದು, ಇಂಥ ಮೂರ್ನಾಲ್ಕು ಪ್ರಶ್ನೆ ಒಂದಕ್ಕೊಂದು ಹೊಂದ್ಕೊಂಡಿರ್ಬೇಕು, ಆದ್ರೆ ಪ್ರತಿಯೊಂದೂ ಇಷ್ಟು ಗಟ್ಟಿಯಾಗಿರ್ಲಿ.

ಆಮೇಲೆ ಕೋಡಿಂಗ್, ಅಂದ್ರೆ ಪ್ರತಿ ಸುದ್ದಿನೂ ಓದಿ ಯಾವ ವರ್ಗಕ್ಕೆ ಸೇರತ್ತೆ ಅಂತ ಗುರುತು ಹಾಕೋದು. ಕೋಡ್‌ಬುಕ್ (ಹೆಂಗೆ ಗುರುತು ಹಾಕ್ಬೇಕು ಅನ್ನೋ ನಿಯಮಗಳ ಪಟ್ಟಿ) ಬರೆದು ಇನ್ನೊಬ್ರಿಗೂ ಕೊಟ್ಟು ಅದೇ ಸುದ್ದಿಗಳನ್ನ ಬೇರೆಬೇರೆಯಾಗಿ ಕೋಡ್ ಮಾಡಿಸ್ಬೇಕು, ಇಬ್ರದ್ದೂ 90% ಮ್ಯಾಚ್ ಆಯ್ತು ಅಂತ ಬರೆದ್ರೆ ಸಾಲಲ್ಲ, ಕಾಕತಾಳೀಯವಾಗಿ ಹೊಂದೋದೂ ಅದ್ರಲ್ಲಿ ಸೇರಿರತ್ತೆ, ಅದಕ್ಕೇ ಆ ಕಾಕತಾಳೀಯನ ಬಿಟ್ಟು ಹೊಂದಾಣಿಕೆ ಅಳೆಯೋ ಕ್ರಿಪೆನ್‌ಡಾರ್ಫ್ ಆಲ್ಫಾ ಲೆಕ್ಕ ಹಾಕೋದು, 0.80 ಬಂದ್ರೆ ನೆಮ್ಮದಿ, 0.667ಕ್ಕಿಂತ ಕೆಳಗೆ ಬಂದ್ರೆ ಆ ಡೇಟಾ ಇಟ್ಕೊಂಡು ಏನೂ ಹೇಳೋಕಾಗಲ್ಲ. ಕಮ್ಮಿ ಬಂದಾಗ ಇಬ್ರೂ ಕೂತು ಮಾತಾಡಿ ಅಂಕಿ ಸರಿಮಾಡ್ಕೊಳ್ಳೋದು ದೊಡ್ಡ ತಪ್ಪು, ಕೋಡ್‌ಬುಕ್ ತಿದ್ದಿ ಹೊಸ ಸುದ್ದಿಗಳ ಮೇಲೆ ಮತ್ತೆ ಮಾಡಿ. ರೈತ ಮುಖಂಡರೇ ಶಾಸಕರೂ ಆಗಿದ್ರೆ ಅವ್ರ ಮಾತು ಯಾರ ಲೆಕ್ಕಕ್ಕೆ? ಇಂಥದ್ದು ಪೈಲಟಲ್ಲೇ (ಮೊದ್ಲು ಸ್ವಲ್ಪ ಸುದ್ದಿಗಳ ಮೇಲೆ ಮಾಡೋ ಟ್ರಯಲಲ್ಲಿ) ಸಿಗೋದು, ದಯವಿಟ್ಟು ಪೈಲಟ್ ಬಿಡ್ಬೇಡಿ. ಇನ್ನೊಂದು, ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿರೋ ಫೈಲು ಕಾಪಿ ಮಾಡಿದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರತ್ತೆ, ಯೂನಿಕೋಡಿಗೆ ಬದಲಾಯಿಸಿ ಇಟ್ಕೊಂಡ್ರೇನೇ ಹುಡುಕೋಕೆ, ಎಣಿಸೋಕೆ ಆಗೋದು.

ಸೆಮಿಸ್ಟರಿಗೊಮ್ಮೆ ಕೆಲ್ಸ ಎಲ್ಲಿಗೆ ಬಂತು ಅಂತ ಹೇಳೋಕೆ ಸಂಶೋಧನಾ ಸಲಹಾ ಸಮಿತಿ ಮುಂದೆ ಕೂರ್ಬೇಕಾಗತ್ತೆ. ಬರೀ ಬಾಯಲ್ಲಿ ಹೇಳ್ಬೇಡಿ, ಹತ್ತು ಪುಟನಾದ್ರೂ ಬರೆದು ಕೊಡಿ, ಆ ಪುಟಗಳೇ ಮುಂದೆ ಅಧ್ಯಾಯ ಆಗೋದು. ಜರ್ನಲ್ ಪೇಪರನ್ನ 2022ರ ನಿಯಮ ಕಡ್ಡಾಯ ಮಾಡಿಲ್ಲ, ಆದ್ರೆ ನಿಮ್ಮ ವಿವಿ ಕೇಳ್ಬೋದು. ದುಡ್ಡು ಕೊಟ್ರೆ ವಾರದಲ್ಲಿ ಹಾಕ್ತೀವಿ ಅನ್ನೋರ ಹತ್ರ ಹೋಗ್ಲೇಬೇಡಿ.

ಸಮಯ ಕನಿಷ್ಠ 3 ವರ್ಷ, ಗರಿಷ್ಠ 6, ಮರುನೋಂದಣಿ ಮಾಡಿಸಿದ್ರೆ ಇನ್ನೆರಡು. ಹೆಣ್ಮಕ್ಕಳಿಗೆ ಅದ್ರ ಮೇಲೆ ಇನ್ನೂ 2 ವರ್ಷ ರಿಯಾಯಿತಿ, ಜೊತೆಗೆ ಹೆರಿಗೆ, ಮಗು ನೋಡ್ಕೊಳ್ಳೋಕೆ 240 ದಿನ ತನಕ ರಜೆ ಇದೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ, ಕೇಳಿ ತಗೊಳ್ಳಿ.

ಕೊನೇಲಿ ಪ್ರೀ-ಸಬ್ಮಿಷನ್ (ಥೀಸಿಸ್ ಕೊಡೋ ಮುಂಚೆ ಸಮಿತಿ ಮುಂದೆ ಮಂಡಿಸೋದು), ಆಮೇಲೆ ಪ್ಲೇಜರಿಸಂ (ಕೃತಿಚೌರ್ಯ) ಚೆಕ್, ಹೋಲಿಕೆ 10% ಒಳಗಿರ್ಬೇಕು. ಥೀಸಿಸನ್ನ ಗೈಡ್ ಜೊತೆಗೆ ಹೊರಗಿನ ಕನಿಷ್ಠ ಇಬ್ರು ನೋಡ್ತಾರೆ, ವೈವಾ (ಪರೀಕ್ಷಕರ ಮುಂದೆ ಕೊಡೋ ಮೌಖಿಕ ಪರೀಕ್ಷೆ) ಬಹಿರಂಗವಾಗಿ ನಡೆಯತ್ತೆ, ಬೇರೆಯವ್ರ ವೈವಾಗೆ ಹೋಗಿ ಕೂತು ನೋಡ್ಬೋದು, ಹೋಗಿ. ಈ ಎರಡೇ ಪತ್ರಿಕೆ ಯಾಕೆ, ಈ ತಿಂಗಳೇ ಯಾಕೆ ಅಂತ ಕೇಳೇ ಕೇಳ್ತಾರೆ, ಅದಕ್ಕೆ ಉತ್ತರ ನಿಮ್ಮ ಮೆಥಡಾಲಜಿ ಅಧ್ಯಾಯದಲ್ಲಿ ಯಾವ ಪುಟದಲ್ಲಿದೆ ಅಂತ ಚೀಟಿ ಅಂಟಿಸ್ಕೊಂಡು ಹೋಗಿ.